ಅಡಿಕೆ ಬೆಳೆಗಾರರ ಗುಂಪಲ್ಲಿ ಉತ್ತರ ಇದೆ, ಹುಡುಕಿದ್ರೆ ಮಾತ್ರ ಸಿಗಲ್ಲ. ಏನ್ ಮಾಡೋದು?

ತೋಟದ_ದಾರಿ:

ಎಲ್ರಿಗೂ ನಮಸ್ಕಾರ. ನಾವೊಂದಷ್ಟು ಜನ ಸೇರಿ ಅಡಿಕೆ ಬೆಳೆಗಾರರಿಗೆ ಅಂತ ಒಂದು ಸಣ್ಣ ವೆಬ್‌ಸೈಟ್ ನಡೆಸ್ತಾ ಇದೀವಿ, ಆರು ವರ್ಷ ಆಯ್ತು. ಸಾಗರ, ತೀರ್ಥಹಳ್ಳಿ, ಶಿರಸಿ, ಪುತ್ತೂರು ಎಲ್ಲಾ ಕಡೆಯವ್ರು ಇದಾರೆ. ಲಾಗಿನ್ ಆಗಿ ಪ್ರಶ್ನೆ ಕೇಳ್ತಾರೆ, ಗೊತ್ತಿದ್ದವ್ರು ಉತ್ತರ ಬರೀತಾರೆ, ಇಷ್ಟೇ.

ಹೋದ ವಾರ ಒಬ್ರು ಅಕ್ಕ ಕೇಳಿದ್ರು, ಮಳೆ ಜೋರಾದ ಮೇಲೆ ಹಸಿ ಅಡಿಕೆ ಉದುರ್ತಾ ಇದೆ, ಬಿದ್ದ ಕಾಯಿ ಮೇಲೆ ಬಿಳಿ ಬೂಷ್ಟು, ಏನ್ ಮಾಡ್ಲಿ ಅಂತ. ಕೊಳೆರೋಗ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು, ಇದರ ಬಗ್ಗೆ ಪುತ್ತೂರು ಕಡೆಯ ಹಿರಿಯರೊಬ್ರು ಮೂರು ವರ್ಷದ ಹಿಂದೆ ಬಹಳ ಚೆನ್ನಾಗಿ ಬರ್ದಿದ್ರು ಅನ್ನೋದೂ ನೆನಪಿತ್ತು. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಬೇರೆ ಬೇರೆ ಡ್ರಮ್ಮಲ್ಲಿ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹಾಕ್ತಾ ತಿರುಗಿಸ್ಬೇಕು, ಆಮೇಲೆ ಉಜ್ಜಿದ ಚೂರಿ ಅದ್ದಿ ನೋಡಿ ಅದಕ್ಕೆ ತಾಮ್ರದ ಬಣ್ಣ ಹಿಡಿದ್ರೆ ಇನ್ನೂ ಸುಣ್ಣ ಬೇಕು ಅಂತ, ಮಳೆಗಾಲ ಶುರುವಾಗೋಕೆ ಮುಂಚೆ ಒಂದ್ಸಲ ಹೊಡೆದು 40-45 ದಿನ ಬಿಟ್ಟು ಮತ್ತೆ ಹೊಡೀಬೇಕು ಅಂತ, ಒಂದೊಂದೂ ಯಾಕೆ ಹಾಗೆ ಅನ್ನೋ ಕಾರಣದ ಜೊತೆಗೆ ಬರ್ದಿದ್ರು.

"ಕೊಳೆರೋಗ" ಅಂತ ಹುಡುಕಿದೆ, ಮೂರು ಪೋಸ್ಟ್ ಬಂತು, ಅದ್ರಲ್ಲಿ ಇದಿಲ್ಲ. ಈ ತುತ್ತ ಸುಣ್ಣದ ದ್ರಾವಣಕ್ಕೆ ಬೋರ್ಡೋ ಅಂತಾರಲ್ಲ, "ಬೋರ್ಡೋ" ಅಂತ ಹಾಕಿದೆ, ಸಿಗ್ಲಿಲ್ಲ. ಕೊನೆಗೆ ರಾತ್ರಿ ಕೂತು ಒಂದೊಂದೇ ಪುಟ ಹಿಂದಕ್ಕೆ ಹೋಗಿ ಹುಡುಕಿದೆ. ಅವರು ಬರ್ದಿದ್ದು "ಮಹಾಳಿ" ಅಂತ, ಕೊಳೆರೋಗದ್ದೇ ಇನ್ನೊಂದು ಹೆಸರು! ಟೈಟಲ್ ಬರೀ "ನನ್ನ ಅನುಭವ". ಅವರು ಹೋದ ವರ್ಷ ತೀರಿಕೊಂಡ್ರು, ಇನ್ನೊಂದ್ಸಲ ಬರೀರಿ ಅಂತ ಕೇಳೋ ಹಾಗೂ ಇಲ್ಲ. ಹಾಗಾಗೇ ಇದು ಮನಸ್ಸಿಗೆ ಬಹಳ ಹತ್ತಿದೆ. ಹೀಗೆ ಇನ್ನೆಷ್ಟು ಬರಹ ಒಳಗೆ ಹೂತು ಹೋಗಿದೆಯೋ. ಸರ್ಚ್ ಹೆಂಗೆ ಕೆಲಸ ಮಾಡತ್ತೆ, ಕನ್ನಡದಲ್ಲಿ ಯಾಕೆ ಇಷ್ಟು ಕಷ್ಟ, ನಾವೇನ್ ಮಾಡ್ಬಹುದು, ಗೊತ್ತಿದ್ದವ್ರು ದಯವಿಟ್ಟು ಬಿಡಿಸಿ ಹೇಳಿ.

ಸೊನ್ನೆ_ಒಂದು:

ಸರ್, ನಾನು ಡೇಟಾಬೇಸ್ ಕೆಲಸದಲ್ಲಿರೋನು, ಇದೇ ತಲೆನೋವು ಬಹಳ ಸಲ ನೋಡಿದೀನಿ. ಮೊದಲನೇದಾಗಿ ಸರ್ಚ್ ನಿಮ್ಮ ಪೋಸ್ಟ್ ಓದಿ ಅರ್ಥ ಮಾಡ್ಕೊಳಲ್ಲ. ದಪ್ಪ ಪುಸ್ತಕದ ಕೊನೇಲಿ ಪದಸೂಚಿ ಇರತ್ತಲ್ಲ, ಈ ಪದ ಯಾವ್ಯಾವ ಪುಟದಲ್ಲಿದೆ ಅಂತ, ಅದೇ ಥರ ಒಂದು ಪಟ್ಟಿ ಮೊದಲೇ ಮಾಡಿಟ್ಕೊಂಡಿರತ್ತೆ. ನೀವು ಪದ ಕೊಟ್ರೆ ಆ ಪಟ್ಟಿ ನೋಡತ್ತೆ ಅಷ್ಟೇ. ಪಟ್ಟೀಲಿ ಇರೋ ಪದಾನೂ ನೀವು ಹೊಡೆದ ಪದಾನೂ ಅಕ್ಷರ ಅಕ್ಷರ ಒಂದೇ ಇರ್ಬೇಕು.

ಕನ್ನಡಕ್ಕೆ ಏಟು ಬೀಳೋದು ಇಲ್ಲೇ. ನಾವು ವಿಭಕ್ತಿ ಪ್ರತ್ಯಯ ಎಲ್ಲಾ ಪದಕ್ಕೇ ಅಂಟಿಸ್ತೀವಿ. ಕೊಳೆರೋಗ, ಕೊಳೆರೋಗಕ್ಕೆ, ಕೊಳೆರೋಗದಿಂದ, ಕೊಳೆರೋಗಾನೇ, ಕೊಳೆ ರೋಗ, ಇವು ನಮಗೆ ಒಂದೇ, ಆ ಪಟ್ಟಿಗೆ ಐದು ಬೇರೆ ಬೇರೆ. ಇಂಗ್ಲಿಷಿಗೆ 1980ರಲ್ಲೇ ಮಾರ್ಟಿನ್ ಪೋರ್ಟರ್ ಅನ್ನೋರು ಪದದ ಬಾಲ ಕತ್ತರಿಸಿ ಬುಡ ಉಳಿಸೋ ನಿಯಮ ಬರೆದುಬಿಟ್ರು, ಇವತ್ತಿಗೂ ಎಲ್ಲಾ ಕಡೆ ಅದರ ವಂಶದ್ದೇ ಓಡ್ತಿದೆ. ಬಹಳ ಸೈಟ್‌ಗಳ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರತ್ತೆ, ಅದ್ರಲ್ಲಿ ಹಿಂದಿಗೆ, ತಮಿಳಿಗೆ, ನೇಪಾಳಿಗೆ ಈ ಬಾಲ ಕತ್ತರಿಸೋ ವ್ಯವಸ್ಥೆ ಜೊತೆಗೇ ಬರತ್ತೆ, ಕನ್ನಡಕ್ಕೆ ಬರಲ್ಲ. ಸೆಟ್ಟಿಂಗ್ ಮುಟ್ಟದೆ ಬಿಟ್ರೆ ನಿಮ್ಮ ಕನ್ನಡ ಪೋಸ್ಟ್ ಎಲ್ಲಾ ಬುಡ ಬಾಲ ಗೊತ್ತಿಲ್ದೆ ಇದ್ದ ಹಾಗೇ ಪಟ್ಟಿಗೆ ಹೋಗಿರತ್ತೆ.

ಇನ್ನೊಂದು ಕಣ್ಣಿಗೆ ಕಾಣದ ತೊಂದ್ರೆ ಇದೆ, ಇದನ್ನ ದಯವಿಟ್ಟು ಇವತ್ತೇ ಪರೀಕ್ಷೆ ಮಾಡಿ. "ಹಿಂಗಾರ" (ಅಡಿಕೆಯ ಹೂಗೊಂಚಲು) ಅಂತ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಹಾಕಿರೋರು ತುಂಬಾ ಜನ, "ಹಿ೦ಗಾರ" ಅಂತ. ಕೆಲವು ಫಾಂಟಲ್ಲಿ ಗುರುತೇ ಸಿಗಲ್ಲ, ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ, ಇನ್ನೊಂದು ಅಂಕಿ. ಹಾಗೇ "ಪಂಪ್‌ಸೆಟ್" ಅಂತ ಬಿಡಿಸಿ ಬರೆಯೋಕೆ ಮಧ್ಯ ಕಾಣದ ಒಂದು ಚಿಹ್ನೆ ಬೀಳತ್ತೆ, ಅದು ಬೀಳದಿದ್ರೆ "ಪಂಪ್ಸೆಟ್" ಆಗತ್ತೆ, ಇನ್ನು ಕೆಲವರು ಜಾಗ ಬಿಟ್ಟು "ಪಂಪ್ ಸೆಟ್" ಅಂತಾರೆ. ಮೂರೂ ಬೇರೆ. ಹಳೇ ಕರಪತ್ರ, ಹಳೇ ಡಿಟಿಪಿ ಫೈಲಿಂದ ಕಾಪಿ ಮಾಡಿ ಹಾಕಿದ್ದಿದ್ರೆ ಇನ್ನೂ ಕಷ್ಟ. ಯುನಿಕೋಡ್ (ಒಂದೊಂದು ಅಕ್ಷರಕ್ಕೂ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಸಂಕೇತ ಕೊಡೋ ಪದ್ಧತಿ) ಬಳಕೆಗೆ ಬರೋಕೆ ಮುಂಚಿನ ಫಾಂಟ್‌ಗಳಲ್ಲಿ ಮೇಲೆ ಕನ್ನಡ ಕಂಡ್ರೂ ಒಳಗಿರೋದು ಇಂಗ್ಲಿಷ್ ಸಂಕೇತಗಳು, ಅದನ್ನ ಕನ್ವರ್ಟರ್‌ಗೆ ಹಾಕಿ ಯುನಿಕೋಡ್ ಮಾಡ್ದೆ ಯಾವ ಸರ್ಚಿಗೂ ಸಿಗಲ್ಲ.

ಪರಿಹಾರ ಏನಂದ್ರೆ, ಪಟ್ಟಿಗೆ ಸೇರಿಸುವಾಗಲೂ ಹುಡುಕುವಾಗಲೂ ಎರಡೂ ಕಡೆ ಒಂದೇ ಥರ ತೊಳೆದು ಹಾಕ್ಬೇಕು. ಅಕ್ಷರಗಳ ಮಧ್ಯ ಸಿಕ್ಕಿದ ಸೊನ್ನೆಯನ್ನ ಅನುಸ್ವಾರ ಮಾಡಿ (೧೦, ೨೦ ಅಂತ ಅಂಕಿ ಜೊತೆ ಇದ್ರೆ ಮುಟ್ಬೇಡಿ), ಕಾಣದ ಚಿಹ್ನೆ ತೆಗೀರಿ, ಯುನಿಕೋಡ್ ನಾರ್ಮಲೈಸೇಶನ್ ಮಾಡಿ, ಅಂದ್ರೆ ಒಂದೇ ಅಕ್ಷರವನ್ನ ಬೇರೆ ಬೇರೆ ಥರ ಬರೆದಿದ್ರೆ ಒಂದೇ ರೂಪಕ್ಕೆ ತನ್ನಿ, ಯಾಕಂದ್ರೆ "ೊ" ಅನ್ನೋದನ್ನ ಒಂದೇ ಸಂಕೇತವಾಗೂ ಬರೀಬಹುದು, "ೆ" ಮತ್ತು "ೂ" ಎರಡು ಸೇರಿಸಿಯೂ ಬರೀಬಹುದು. ಇದೆಲ್ಲಾ ಹಿಂದಿರೋ ಪಟ್ಟಿಗೆ ಮಾತ್ರ, ಜನ ಬರೆದ ಮೂಲ ಪೋಸ್ಟ್ ತಿದ್ದೋಕೆ ಹೋಗ್ಬೇಡಿ, "ರ‍್ಯಾಂಕ್" ಥರದ ಪದಕ್ಕೆ ಅಂಥದ್ದೇ ಇನ್ನೊಂದು ಕಾಣದ ಚಿಹ್ನೆ ಬೇಕೇ ಬೇಕು, ಇಲ್ದಿದ್ರೆ ಅರ್ಕಾವೊತ್ತು ಬಂದು ಕೂರತ್ತೆ.

ಆಮೇಲೆ ಪೋಸ್ಟ್‌ಗ್ರೆಸ್‌ನಲ್ಲೇ ಟ್ರೈಗ್ರಾಮ್ ಅಂತ ಒಂದು ಎಕ್ಸ್‌ಟೆನ್ಶನ್ ಇದೆ, ಪದವನ್ನ ಮೂರು ಮೂರು ಸಂಕೇತದ ತುಂಡು ಮಾಡಿ ಎಷ್ಟು ತುಂಡು ಹೊಂದತ್ತೆ ಅಂತ ನೋಡತ್ತೆ. ಉದುರ್ತಿದೆ, ಉದುರುತ್ತಿದೆ, ಉದುರ್ತಾ ಇದೆ, ಇವೆಲ್ಲಾ ಶುರುವಿನ ತುಂಡುಗಳಲ್ಲಿ ಹೊಂದಿಬಿಡತ್ತೆ. ಪೂರ್ತಿ ವ್ಯಾಕರಣ ಗೊತ್ತಿರೋ ಸರ್ಚ್ ಅಲ್ಲ, ಆದ್ರೆ ಒಂದು ವಾರಾಂತ್ಯದಲ್ಲಿ ಮಾಡ್ಬಹುದು. ಡೇಟಾಬೇಸ್ ಲೊಕೇಲ್ (ಭಾಷೆಯ ಸೆಟ್ಟಿಂಗ್) "ಸಿ" ಅಂತ ಇದ್ರೆ ಕನ್ನಡ ಅಕ್ಷರವನ್ನ ಅದು ಅಕ್ಷರ ಅಂತಾನೇ ತಗೊಳಲ್ಲ, ಅದನ್ನ ಮೊದ್ಲು ನೋಡ್ಕೊಳಿ.

ಮಳೆನಾಡು77:

ಇಷ್ಟೆಲ್ಲಾ ಯಾಕೆ, ಗೂಗಲ್‌ನಲ್ಲೇ ಸೈಟ್ ಹೆಸರು ಹಾಕಿ ಹುಡುಕಿದ್ರೆ ಆಗಲ್ವಾ? ಅದಕ್ಕೆ ಕನ್ನಡ ಚೆನ್ನಾಗೇ ಬರತ್ತಲ್ಲ.

ಸೊನ್ನೆ_ಒಂದು:

ಲಾಗಿನ್ ಆದ್ರೆ ಮಾತ್ರ ಕಾಣೋ ಪುಟಕ್ಕೆ ಗೂಗಲ್ ಒಳಗೇ ಬರೋಕಾಗಲ್ಲ ಸರ್. ಉತ್ತರಗಳನ್ನಾದ್ರೂ ಎಲ್ಲರಿಗೂ ಓದೋಕೆ ತೆರೆದಿಡ್ತೀವಿ ಅಂದ್ರೆ ಆಗತ್ತೆ, ಆದ್ರೆ ಜನ ಗುಂಪಿನೊಳಗೆ ಅಂತ ನಂಬಿ ತೋಟದ ವಿಷಯ, ಸಾಲದ ವಿಷಯ ಬರ್ದಿರ್ತಾರೆ, ಅವ್ರನ್ನ ಕೇಳ್ದೆ ತೆರೆಯೋದು ಸರಿಯಲ್ಲ. ವಾಟ್ಸಾಪ್‌ಗೆ ಹಾಕೋಣ ಅನ್ನೋ ಯೋಚನೆ ಇದ್ರೆ ಅದೂ ಬೇಡ, ಅಲ್ಲಿ ನಿಮ್ಮ ಫೋನಲ್ಲಿರೋ ಮೆಸೇಜ್ ಮಾತ್ರ ಹುಡುಕೋಕಾಗೋದು, ಹೊಸದಾಗಿ ಸೇರಿದವ್ರಿಗೆ ಹಳೇ ವರ್ಷಗಳದ್ದು ಸಿಗಲ್ಲ.

ಪದಸೂಚಿ:

ನಾನು ಕಾಲೇಜು ಲೈಬ್ರರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಮೇಲಿನವರು ಹೇಳಿದ್ದೆಲ್ಲಾ ಮಾಡಲೇಬೇಕು, ಆದ್ರೆ ಅದಷ್ಟನ್ನೂ ಮಾಡಿದ್ರೂ "ಕೊಳೆರೋಗ" ಅಂತ ಹುಡುಕಿದವರಿಗೆ "ಮಹಾಳಿ" ಸಿಗಲ್ಲ, ಅಕ್ಷರದಲ್ಲಿ ಎರಡಕ್ಕೂ ಸಂಬಂಧವೇ ಇಲ್ವಲ್ಲ. ಜಾರ್ಜ್ ಫರ್ನಾಸ್ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಯವರು 1987ರಲ್ಲೇ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ರು, ಒಂದೇ ವಸ್ತುವಿಗೆ ಇಬ್ಬರು ತಮ್ಮಷ್ಟಕ್ಕೆ ಹೆಸರಿಟ್ರೆ ಇಬ್ಬರೂ ಒಂದೇ ಪದ ಆರಿಸೋ ಸಾಧ್ಯತೆ ನೂರಕ್ಕೆ 20ಕ್ಕಿಂತ ಕಡಿಮೆ. ಒಂದೇ ಭಾಷೆಯವರಲ್ಲೇ ಹೀಗೆ. ಘಟ್ಟದ ಮೇಲೊಂದು ಕೆಳಗೊಂದು ಹೆಸರಿರೋ ನಮ್ಮಲ್ಲಿ ಕೇಳೋದೇ ಬೇಡ.

ಲೈಬ್ರರಿ ಕಾರ್ಡುಗಳಲ್ಲಿ "ಮಹಾಳಿ: ಕೊಳೆರೋಗ ನೋಡಿ" ಅಂತ ಒಂದು ಕಾರ್ಡ್ ಇಡ್ತಿದ್ವಿ. ನೀವೂ ಅದೇ ಮಾಡಿ. ಒಂದು ಶೀಟಲ್ಲಿ ಎಡಕ್ಕೆ ಜನ ಹೇಳೋ ಮಾತು, ಬಲಕ್ಕೆ ಗುಂಪಲ್ಲಿ ಒಪ್ಪಿಕೊಂಡ ಹೆಸರು ಬರೀತಾ ಹೋಗಿ. ಬೋರ್ಡೋ, ಬೋರ್ಡೊ, ತುತ್ತ ಸುಣ್ಣ, ಮೈಲುತುತ್ತ, ಕೆಲವರು ಬರೀ "ಔಷಧಿ ಹೊಡೆಯೋದು" ಅಂತಾರಲ್ಲ, ಅದೂ ಇರಲಿ. ಸರ್ಚಿಗೆ ಆ ಪಟ್ಟಿ ಕೊಟ್ರೆ ಒಂದು ಹುಡುಕಿದಾಗ ಇನ್ನೊಂದೂ ಬರತ್ತೆ.

ಒಂದು ಎಚ್ಚರಿಕೆ ಮಾತ್ರ ಕೈಮುಗಿದು ಹೇಳ್ತೀನಿ. ಹತ್ತಿರ ಕಾಣತ್ತೆ ಅಂತ ಬೇರೆ ರೋಗಗಳನ್ನ ಒಂದೇ ಸಾಲಿಗೆ ಸೇರಿಸ್ಬೇಡಿ. "ಎಲೆ ಹಳದಿ ಆಗ್ತಿದೆ" ಅಂತ ಹುಡುಕೋರಿಗೆ ಎಲೆಚುಕ್ಕಿ ರೋಗಾನೂ ಇರಬಹುದು, ಹಳದಿ ಎಲೆ ರೋಗಾನೂ ಇರಬಹುದು. ಎಲೆಚುಕ್ಕಿ ಶಿಲೀಂಧ್ರದ್ದು, ಅದಕ್ಕೆ ಸಿಂಪರಣೆ ಇದೆ. ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಥರದ ಸೂಕ್ಷ್ಮಜೀವಿಯಿಂದ ಬರೋದು, ಬೋರ್ಡೋ ಎಷ್ಟು ಹೊಡೆದ್ರೂ ಪ್ರಯೋಜನ ಇಲ್ಲ. ಎರಡನ್ನೂ ಸಮಾನಾರ್ಥಕ ಮಾಡಿಬಿಟ್ರೆ ಯಾರೋ ಒಬ್ರು ಆಳಿಗೆ ಕೂಲಿ ಕೊಟ್ಟು ತೋಟ ಪೂರ್ತಿ ವ್ಯರ್ಥವಾಗಿ ಹೊಡೆಸ್ತಾರೆ. ಅಂಥಾ ಕಡೆ "ಇದನ್ನೂ ನೋಡಿ" ಅಂತ ಎರಡನ್ನೂ ತೋರಿಸಿ, ವ್ಯತ್ಯಾಸ ಗುರುತಿಸೋದು ಹೇಗೆ ಅಂತ ಒಂದು ಸಾಲು ಬರೀರಿ.

ಮತ್ತೆ ಟೈಟಲ್. "ಸಹಾಯ ಮಾಡಿ", "ಅರ್ಜೆಂಟ್", "ಇದು ಯಾವ ರೋಗ" ಇಂಥವೇ ಅರ್ಧ ಇರತ್ತೆ. ಕೇಳಿದವರ ಮಾತು ಅಳಿಸ್ಬೇಡಿ, ಯಾಕಂದ್ರೆ ಮುಂದಿನವರು ಹುಡುಕೋದೂ ಅದೇ ಮಾತಲ್ಲೇ. ರೋಗದ ಹೆಸರು ಗೊತ್ತಿದ್ದವರು ಹುಡುಕೋದು ಕಮ್ಮಿ, ಕಣ್ಣಿಗೆ ಕಂಡಿದ್ದನ್ನ ಬರೀತಾರೆ, ಅಡಿಕೆ ಉದುರ್ತಿದೆ, ಬಿಳಿ ಬೂಷ್ಟು, ಬುಡದಲ್ಲಿ ಅಣಬೆ ಎದ್ದಿದೆ ಅಂತ. ಕಂಡ ಲಕ್ಷಣ ಮೊದಲು, ಪಕ್ಕದಲ್ಲಿ ರೋಗದ ಎರಡೂ ಹೆಸರು, ಊರಿನ ಕಡೆ, ತಿಂಗಳು. ಇಷ್ಟಿದ್ರೆ ಸಾಕು. ಏನೂ ಸಿಗದೆ ವಾಪಸ್ ಹೋದ ಹುಡುಕಾಟಗಳ ಲಾಗ್ ತಿಂಗಳಿಗೊಂದ್ಸಲ ತೆಗೆದು ಓದಿ, ಯಾವ ಪದ ನಿಮ್ಮ ಶೀಟಲ್ಲಿಲ್ಲ ಅಂತ ಅದೇ ಹೇಳತ್ತೆ.

ಕೀಪ್ಯಾಡ್_ಹುಡ್ಗ:

ಮೇಡಂ ಹೇಳಿದ್ದು ನೂರಕ್ಕೆ ನೂರು. ನಾನೊಂದು ಸೇರಿಸ್ತೀನಿ, ನಮ್ಮ ವಯಸ್ಸಿನೋರು ಅರ್ಧಕ್ಕರ್ಧ ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡೋದು, ಒಬ್ಬೊಬ್ರು ಒಂದೊಂದ್ ಸ್ಪೆಲ್ಲಿಂಗು. ಕನ್ನಡದಲ್ಲೇ ಬರೆದ್ರೂ ಮಹಾಪ್ರಾಣ ಬಿಟ್ಟೋಗತ್ತೆ, ಔಷಧಿ ಔಷದಿ ಆಗತ್ತೆ, ಅದಕ್ಕೆ ಅವ್ರನ್ನ ಬೈಯೋ ಬದ್ಲು ಸರ್ಚೇ ಹೊಂದ್ಕೊಬೇಕು.

ಅಲರ್ ನಿಘಂಟು ಗೊತ್ತಲ್ಲ, ವಿ. ಕೃಷ್ಣ ಅವ್ರು ದಶಕಗಟ್ಲೆ ಒಬ್ರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದ ಇದೆ. ಅದನ್ನ ಆನ್‌ಲೈನ್‌ಗೆ ತಂದ ಕೈಲಾಶ್ ನಾಧ್ ಅವ್ರು ಕೆಎನ್‌ಫೋನ್ ಅಂತ ಒಂದು ಕೋಡ್ ಬರ್ದಿದಾರೆ, ಓಪನ್ ಸೋರ್ಸು. ಅದು ಕನ್ನಡ ಪದದ ಉಚ್ಚಾರಣೆ ತಗೊಂಡು ಮೂರು ಕೀ (ಹೋಲಿಸಿ ನೋಡೋಕೆ ಸಂಕೇತ) ಮಾಡತ್ತೆ, ಒಂದು ಸಡಿಲ, ಒಂದು ಸ್ವಲ್ಪ ಬಿಗಿ, ಒಂದು ಪೂರ್ತಿ ಬಿಗಿ. ಸ್ಪೆಲ್ಲಿಂಗ್ ಚೂರು ತಪ್ಪಿದ್ರೂ ಹತ್ತಿರದ ಉಚ್ಚಾರಣೆ ಪದ ಸಿಗತ್ತೆ. ಟ್ರೈಗ್ರಾಮ್ ಜೊತೆ ಇದನ್ನೂ ಇಡಿ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದನ್ನ ಮೊದ್ಲು ಕನ್ನಡಕ್ಕೆ ತಿರುಗಿಸಿ ಆಮೇಲೆ ಇದಕ್ಕೆ ಕೊಟ್ರೆ ಆಯ್ತು.

ಇನ್ನೊಂದು, ನಿಮ್ಮ ಗುಂಪಲ್ಲಿ ಫೋಟೋ ಮತ್ತೆ ವಾಯ್ಸ್ ಮೆಸೇಜ್ ಎಷ್ಟಿದೆ ನೋಡಿ. ನಮ್ಮಜ್ಜಿ ಊರಿನ ಗುಂಪಲ್ಲಿ ಒಳ್ಳೊಳ್ಳೆ ಉತ್ತರ ಎಲ್ಲಾ ಆಡಿಯೋದಲ್ಲೇ ಇದೆ, ಪಟ್ಟೀಲಿ ಅದರದ್ದು ಒಂದು ಪದಾನೂ ಇರಲ್ಲ. ಛಾಪಿಸಿದ ಕರಪತ್ರದ ಫೋಟೋ ಆದ್ರೆ ಚಿತ್ರದೊಳಗಿನ ಅಕ್ಷರ ಓದೋ ತಂತ್ರಾಂಶ ಟೆಸರಾಕ್ಟ್‌ಗೆ ಕನ್ನಡ ಓದೋಕೆ ಬರತ್ತೆ, ತಪ್ಪು ತಿದ್ಕೊಬೇಕು. ಆಡಿಯೋಗೆ ಕೇಳಿದವ್ರೇ ಕೆಳಗೆ ಎರಡು ಸಾಲು ಸಾರಾಂಶ ಬರೆದ್ರೆ ಅದೇ ದೊಡ್ಡ ಉಪಕಾರ.

ತೋಟದ_ದಾರಿ:

ಎಲ್ರಿಗೂ ಹೃದಯಪೂರ್ವಕ ಧನ್ಯವಾದ, ಎರಡು ದಿನದಿಂದ ಇದ್ರಲ್ಲೇ ಇದೀನಿ. ನಮ್ಮ ಹುಡುಗ ಸೊನ್ನೆ ಅನುಸ್ವಾರದ್ದು ಮತ್ತೆ ಟ್ರೈಗ್ರಾಮ್ ಹಾಕ್ದ. ಆ ಹಿರಿಯರು "ಬೋರ್ಡೋ" ಅಂತ ಎಲ್ಲೂ ಬರ್ದೇ ಇರ್ಲಿಲ್ಲ, ಎಲ್ಲಾ ಕಡೆ "ತುತ್ತ ಸುಣ್ಣದ ನೀರು" ಅಂತಾನೇ. ಸೊನ್ನೆ ಹಾಕಿ ಹಿ೦ಗಾರ, ತೆ೦ಗು ಅಂತ ಬರೆಯೋದು ಅವರ ಅಭ್ಯಾಸ ಆಗಿತ್ತು, ಅದನ್ನ ಸರಿ ಮಾಡಿದ ಮೇಲೆ ಅವರ ಇನ್ನೂ ಮೂರ್ನಾಲ್ಕು ಬರಹ ಸಿಕ್ತು, ಹಿಂಗಾರ ಒಣಗೋದರ ಬಗ್ಗೆ ಒಂದು, ನಮಗ್ಯಾರಿಗೂ ಅದಿದೆ ಅಂತಾನೇ ಗೊತ್ತಿರ್ಲಿಲ್ಲ.

"ನನ್ನ ಅನುಭವ" ಅನ್ನೋ ಟೈಟಲ್ ತೆಗೆಯೋಕೆ ಮನಸ್ಸು ಬರ್ಲಿಲ್ಲ, ಅವರು ಇಟ್ಟಿದ್ದು. ಅದರ ಮುಂದೆ "ಅಡಿಕೆ ಉದುರೋದು, ಬಿಳಿ ಬೂಷ್ಟು, ಕೊಳೆರೋಗ, ಮಹಾಳಿ, ಬೋರ್ಡೋ ಮಾಡೋ ವಿಧಾನ" ಅಂತ ಸೇರಿಸಿದೀನಿ. ಆ ಅಕ್ಕನಿಗೂ ಕಳಿಸಿದೆ, ಮಳೆ ಬಿಡುವು ಕೊಟ್ಟ ಕೂಡ್ಲೇ ಹೊಡೆಸ್ತೀವಿ ಅಂದ್ರು.

ಒಂದು ಉಳಿದಿದೆ. "ಅಡಿಕೆ ಉದುರ್ತಿದೆ" ಅಂತ ಹಾಕಿದ್ರೆ ಇದು ಆರನೇದಾಗಿ ಬರ್ತಿದೆ, ಮೇಲೆಲ್ಲಾ ಅಡಿಕೆ ರೇಟಿನ ಚರ್ಚೆಗಳು. ಯಾಕೆ?

ಸೊನ್ನೆ_ಒಂದು:

"ಅಡಿಕೆ" ನಿಮ್ಮ ಎಲ್ಲಾ ಪೋಸ್ಟಲ್ಲೂ ಇರತ್ತೆ ಸರ್, ಹಾಗಾಗಿ ಆ ಪದದಿಂದ ಏನೂ ಗೊತ್ತಾಗಲ್ಲ. ಎಲ್ಲಾ ಕಡೆ ಇರೋ ಪದಕ್ಕೆ ತೂಕ ಕಮ್ಮಿ, ಅಪರೂಪದ ಪದಕ್ಕೆ ಜಾಸ್ತಿ ಕೊಡ್ಬೇಕು ಅಂತ ಕರೆನ್ ಸ್ಪಾರ್ಕ್ ಜೋನ್ಸ್ ಅನ್ನೋ ಸಂಶೋಧಕಿ 1972ರಲ್ಲೇ ಹೇಳಿದ್ರು, ಟ್ರೈಗ್ರಾಮ್ ಒಂದೇ ಇದ್ರೆ ಆ ಲೆಕ್ಕ ಬರಲ್ಲ. "ಉದುರ್" ಹೊಂದಿದ ಪೋಸ್ಟಿಗೆ ಹೆಚ್ಚು ಅಂಕ ಹೋಗೋ ಹಾಗೆ ಮಾಡಿ, ಟೈಟಲಲ್ಲಿ ಸಿಕ್ಕಿದ್ರೆ ಇನ್ನೂ ಹೆಚ್ಚು. ಹೊಸ ಪೋಸ್ಟ್ ಮೇಲೆ ಬರ್ಬೇಕು ಅನ್ನೋ ಸೆಟ್ಟಿಂಗ್ ಆನ್ ಇದ್ರೆ ರೋಗದ ವಿಭಾಗಕ್ಕೆ ಅದನ್ನ ಆಫ್ ಮಾಡ್ಬಿಡಿ, ರೇಟ್ ಬೇಕಾದ್ರೆ ಇವತ್ತಿಂದೇ ಬೇಕು, ತುತ್ತ ಸುಣ್ಣದ ಅಳತೆ ಮೂರು ವರ್ಷದ ಹಿಂದಿನದ್ದಾದ್ರೂ ಅದೇ. ನಿಮ್ಮ ಹುಡುಗನಿಗೆ ಕೋಡ್ ಇಲ್ಲೇ ಹಾಕೋಕೆ ಹೇಳಿ, ಸಂಜೆ ನೋಡ್ತೀನಿ.