ಎರಡು ದುಕಾನ, 26 ಫಾರ್ಮ್: ಹಿನ್ನೆಲೆ ಬಣ್ಣ ಒಂದ ಕಡೆಯಿಂದ ಬದಲ್ ಮಾಡೋದು ಹೆಂಗ?

ಗುಮ್ಮಟನಗರಿ (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕಾಕಾರದು ಇಲ್ಲೇ ಎಪಿಎಂಸಿ ಒಳಗ ದಲಾಲಿ ಅಂಗಡಿ ಅದ, ಮಣೂಕದ ವ್ಯಾಪಾರ, ಅವರಿಗೆ ಪಟ್ಟಿ, ಬಿಲ್, ಉದ್ರಿ ಖಾತೆ ಎಲ್ಲಾ ಸೇರಿಸಿ ಒಂದ ಸಾಫ್ಟ್‌ವೇರ್ ನಾನ ಮಾಡಿಕೊಟ್ಟೀನಿ, ವಿಬಿ ಡಾಟ್ ನೆಟ್, ವಿಂಡೋಸ್ ಫಾರ್ಮ್ಸ್, ಈಗ ಒಟ್ಟ 26 ಫಾರ್ಮ್ (ಪರದೆ ಮ್ಯಾಲೆ ತೆರಿಯೋ ಕಿಟಕಿ) ಆಗ್ಯಾವ. ಹೋದ ವರ್ಷದಿಂದ ಸಣ್ಣ ಕಾಕಾರ ದುಕಾನದ ಲೆಕ್ಕಾನೂ ಇದರಾಗ ಬರ್ತದ. ಲಾಗಿನ್ ಆದಕೂಡ್ಲೆ ಯಾವ ದುಕಾನ ಅಂತ ಕೇಳ್ತದ, ಆಮ್ಯಾಲ ಎರಡಕ್ಕೂ ಎಲ್ಲಾ ಫಾರ್ಮ್ ಒಂದ ಥರ ಕಾಣ್ತಾವ. ತ್ರಾಸ ಆಗಿದ್ದು ಇಲ್ಲೇ. ಸೀಜನ್ ಗದ್ದಲದಾಗ ದಿವಾನಜಿ ಒಂದ ದುಕಾನದ ಪಟ್ಟಿ ಇನ್ನೊಂದರಾಗ ಹೊಡದಬಿಟ್ರು, ರೈತರಿಗೆ ರೊಕ್ಕ ಕೊಡೋ ಮುಂದ ಗೊತ್ತಾತು, ಅವತ್ತು ರಾತ್ರಿ 11ರ ತನಾ ಕುಂತು ತಿದ್ದಿದ್ವಿ, ಪಾಪ ಆ ಮನುಷ್ಯಾ ಊಟಾನೂ ಮಾಡ್ಲಿಲ್ಲ.

ಅದಕ್ಕ ದೊಡ್ಡ ದುಕಾನಕ್ಕ ತಿಳಿ ಹಸಿರು, ಸಣ್ಣ ದುಕಾನಕ್ಕ ತಿಳಿ ಹಳದಿ ಹಿನ್ನೆಲೆ ಬರಬೇಕು ಅಂತ ನನ್ನ ವಿಚಾರ. ಮೈ.ಅಪ್ಲಿಕೇಶನ್.ಓಪನ್‌ಫಾರ್ಮ್ಸ್ ಮ್ಯಾಲೆ ಲೂಪ್ ಹಚ್ಚಿ ಬ್ಯಾಕ್‌ಕಲರ್ (ಹಿನ್ನೆಲೆ ಬಣ್ಣ) ಬದಲ್ ಮಾಡ್ದೆ. ತೆರದಿದ್ದ ಫಾರ್ಮ್ ಅಷ್ಟ ಬದಲಾಗ್ತಾವ, ಆಮ್ಯಾಲ ತೆರದಿದ್ದು ಮತ್ತ ಬೂದಿ ಬಣ್ಣದ್ದ ಬರ್ತಾವ. ಎಲ್ಲಾ ಫಾರ್ಮಿನ ಲೋಡ್ (ಫಾರ್ಮ್ ತೆರಿಯೋ ಮುಂದ ಓಡೋ ಕೋಡ್) ಒಳಗ ಅದ ಸಾಲು ಹಾಕಿದ್ರ ನಡೀತದ, ಆದ್ರ ಹೊಸಾ ಫಾರ್ಮ್ ಮಾಡ್ದಾಗ ಮರೀತೀನಿ. ಸರಿಯಾದ ದಾರಿ ಯಾವ್ದು ಹೇಳ್ರಿ.

ಘಟಪ್ರಭಾ_ದಂಡಿ (ಬಾಗಲಕೋಟಿ)

ಓಪನ್‌ಫಾರ್ಮ್ಸ್ ಅಂದ್ರ ಆ ಕ್ಷಣಕ್ಕ ತೆರದಿರೋ ಫಾರ್ಮ್‌ಗೋಳ ಪಟ್ಟಿ ಅಷ್ಟ ರೀ, ಪ್ರಾಜೆಕ್ಟಿನಾಗಿನ ಎಲ್ಲಾ ಫಾರ್ಮ್ ಅಲ್ಲ.

ನೀವು ಒಂದ ಬೇಸ್ ಫಾರ್ಮ್ ಮಾಡ್ರಿ, ಬಣ್ಣದ ಕೆಲಸಾ ಅದರ ಒಳಗ ಇರಲಿ, ಉಳದ 26 ಫಾರ್ಮ್ ಅದರಿಂದ ಹುಟ್ಟಲಿ. ವಿಬಿ ಒಳಗ ಯಾವುದರಿಂದ ಹುಟ್ಟಿತು ಅಂತ ಹೇಳೋ ಇನ್ಹೆರಿಟ್ಸ್ ಸಾಲು ಡಿಸೈನರ್ ಫೈಲಿನಾಗ ಅಡಗಿರ್ತೈತಿ, ಸೊಲ್ಯೂಶನ್ ಎಕ್ಸ್‌ಪ್ಲೋರರ್‌ನಾಗ ಶೋ ಆಲ್ ಫೈಲ್ಸ್ ಒತ್ತಿದ್ರ ಕಾಣಸ್ತೈತಿ, ಅಲ್ಲಿ ಸಿಸ್ಟಮ್.ವಿಂಡೋಸ್.ಫಾರ್ಮ್ಸ್.ಫಾರ್ಮ್ ತಗದು ನಿಮ್ಮ ಬೇಸ್ ಫಾರ್ಮಿನ ಹೆಸರು ಹಾಕ್ರಿ. ಮೊದಲ ಒಮ್ಮೆ ಬಿಲ್ಡ್ ಮಾಡ್ಕೋರಿ, ಇಲ್ಲಾಂದ್ರ ಡಿಸೈನರ್ ಫಾರ್ಮ್ ತೆರಿಯಾಂಗಿಲ್ಲ. ಬೇಸ್ ಫಾರ್ಮಿಗೆ ಮಸ್ಟ್‌ಇನ್ಹೆರಿಟ್ (ಇದನ್ನ ನೇರ ಬಳಸಬಾರದು, ಇದರಿಂದ ಬ್ಯಾರೆದು ಹುಟ್ಟಬೇಕು ಅನ್ನೋ ಗುರುತು) ಅಂತೂ ಹಾಕಬ್ಯಾಡ್ರಿ, ಅದಕ್ಕೂ ಡಿಸೈನರ್ ತಕರಾರ ತಗಿತೈತಿ.

ಬಣ್ಣ ಹಚ್ಚೋ ಸಾಲು ಬೇಸ್ ಫಾರ್ಮಿನ ನ್ಯೂ (ಫಾರ್ಮ್ ಹುಟ್ಟೋ ಮುಂದ ಓಡೋ ಕೋಡ್) ಒಳಗ ಇಡಬ್ಯಾಡ್ರಿ. ಅದು ಮೊದಲ ಓಡ್ತೈತಿ, ಆಮ್ಯಾಲ ಒಂದೊಂದ ಫಾರ್ಮಿನ ಇನಿಶಿಯಲೈಸ್‌ಕಾಂಪೊನೆಂಟ್ (ಡಿಸೈನರ್‌ನಾಗ ಇಟ್ಟಿದ್ದನ್ನ ಹಚ್ಚೋ ಕೋಡ್) ಓಡಿ, ನೀವು ಡಿಸೈನರ್‌ನಾಗ ಯಾವಾಗರ ಆರಿಸಿದ್ದ ಬಣ್ಣ ಮ್ಯಾಲೆ ಕುಂದ್ರತೈತಿ. ಆನ್‌ಲೋಡ್ ಓವರ್‌ರೈಡ್ ಮಾಡಿ ಅಲ್ಲಿ ಹಾಕ್ರಿ.

ಇನ್ನ ಲೇಬಲ್, ಪ್ಯಾನೆಲ್, ಗ್ರೂಪ್‌ಬಾಕ್ಸ್ ತಾವ ತಮ್ಮ ತಾಯಿ ಫಾರ್ಮಿನ ಬಣ್ಣ ತಗೋತಾವ, ನೀವು ಕೈಯಾರೆ ಬ್ಯಾರೆ ಬಣ್ಣ ಕೊಟ್ಟಿರಬಾರದು ಅಷ್ಟ. ಕೊಟ್ಟಿದ್ರ ಪ್ರಾಪರ್ಟೀಸ್‌ನಾಗ ಬ್ಯಾಕ್‌ಕಲರ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ರೀಸೆಟ್ ಅನ್ರಿ. ಟೆಕ್ಸ್ಟ್‌ಬಾಕ್ಸ್ ಬಿಳಿ ಉಳೀತಾವ, ಉಳೀಲಿ ಬಿಡ್ರಿ, ಬರಿಯೋ ಜಾಗಾ ಎದ್ದು ಕಾಣಬೇಕು.

ಕುಂದಾನಗರಿ (ಬೆಳಗಾವಿ)

ಇಷ್ಟೆಲ್ಲಾ ಯಾಕ್ರಿ, ಮೈ.ಸೆಟ್ಟಿಂಗ್ಸ್ ಒಳಗ ಕಲರ್ ಟೈಪಿಂದು ಒಂದ ಸೆಟ್ಟಿಂಗ್ ಮಾಡಿ, ಫಾರ್ಮಿನ ಅಪ್ಲಿಕೇಶನ್‌ಸೆಟ್ಟಿಂಗ್ಸ್‌ನಾಗ ಪ್ರಾಪರ್ಟಿ ಬೈಂಡಿಂಗ್ ಹೊಕ್ಕು ಬ್ಯಾಕ್‌ಕಲರ್‌ಗೆ ಜೋಡಿಸಿದ್ರ ಮುಗೀತು. ಸೆಟ್ಟಿಂಗ್ ಬದಲಾದ್ರ ತೆರದ ಫಾರ್ಮೂ ತಾನ ಬದಲಾಗ್ತದ, ಕೋಡ್ ಬರಿಯೂದ ಬ್ಯಾಡ.

ಘಟಪ್ರಭಾ_ದಂಡಿ (ಬಾಗಲಕೋಟಿ)

ಒಬ್ಬರ ಬಳಸೋ ಸಾಫ್ಟ್‌ವೇರಿಗೆ ಅದು ಛಲೋ ಐತ್ರಿ, ನಾನೂ ಮಾಡೀನಿ. ಆದ್ರ 26 ಫಾರ್ಮಿಗೂ ಕೈಯಿಂದ ಜೋಡಿಸಬೇಕಾಗ್ತೈತಿ, ಮತ್ತ ಯೂಸರ್ ಸೆಟ್ಟಿಂಗ್ ಅಂದ್ರ ಆ ಕಂಪ್ಯೂಟರಿನ ಆ ವಿಂಡೋಸ್ ಯೂಸರಿಗೆ ಅಷ್ಟ. ಇಲ್ಲಿ ಬಣ್ಣ ಯೂಸರಿಂದು ಅಲ್ಲ, ದುಕಾನದ್ದು. ಡೇಟಾಬೇಸ್‌ನಾಗ ದುಕಾನದ ಟೇಬಲ್ಲಿಗೆ ಒಂದ ಇಂಟೀಜರ್ ಕಾಲಮ್ ಹಾಕಿ ಬಣ್ಣಾನ ನಂಬರ್ ಮಾಡೋ ಟುಆರ್ಗ್‌ಬಿ ಕೊಟ್ಟ ನಂಬರ್ ಇಡ್ರಿ, ಓದೋ ಮುಂದ ನಂಬರನ್ನ ಮತ್ತ ಬಣ್ಣ ಮಾಡಾಕ ಫ್ರಮ್‌ಆರ್ಗ್‌ಬಿ. ನಂಬರ್ ಮೈನಸ್ ಬರ್ತೈತಿ, ಬಿಳಿಗೆ -1, ಅದು ಬರೋಬ್ಬರಿನ ಐತಿ.

ಇನ್ನೊಂದ ಮಾತ, ಇದು ಬಣ್ಣಕ್ಕಿಂತ ಮುಖ್ಯ. ತೆರದ ಫಾರ್ಮಿನ ಬಣ್ಣ ನಡುವ ಬದಲ್ ಮಾಡೋ ವಿಚಾರಾನ ಬಿಟ್ಟಬಿಡ್ರಿ. ದೊಡ್ಡ ದುಕಾನದ ಪಟ್ಟಿ ಅರ್ಧಾ ತುಂಬಿ ಇಟ್ಟಾರ, ಅಷ್ಟರಾಗ ಯಾರರ ಬಂದು ಸಣ್ಣ ದುಕಾನಕ್ಕ ಬದಲ್ ಮಾಡಿದ್ರು ಅನ್ರಿ, ಫಾರ್ಮ್ ಹಳದಿ ಆತು, ಒಳಗಿನ ರೈತನ ಹೆಸರು, ತೂಕಾ, ರೇಟ್ ಎಲ್ಲಾ ಹಸಿರು ದುಕಾನದ್ದ. ಆಗ ಬಣ್ಣಾನ ಸುಳ್ಳ ಹೇಳ್ತೈತಿ, ದಿವಾನಜಿ ಅದನ್ನ ನಂಬಿ ಸೇವ್ ಮಾಡ್ತಾರ. ದುಕಾನ ಬದಲ್ ಮಾಡೋ ಮುಂದ ಎಲ್ಲಾ ಫಾರ್ಮ್ ಮುಚ್ಚಿಸ್ರಿ, ಸೇವ್ ಆಗದ್ದು ಇದ್ರ ಕೇಳಲಿ, ಮುಚ್ಚಲಿಲ್ಲಾಂದ್ರ ದುಕಾನ ಬದಲಾಗಬಾರದು.

ಗುಮ್ಮಟನಗರಿ (ವಿಜಯಪುರ)

ಇದು ನನಗ ಹೊಳದಿದ್ದಿಲ್ಲ ನೋಡ್ರಿ, ನನ್ನ ಲೂಪ್ ಅದನ್ನ ಮಾಡತಿತ್ತು. ತಗದ ಹಾಕಿದೆ. ಬೇಸ್ ಫಾರ್ಮ್ ಮಾಡಿ 26ಕ್ಕೂ ಹಚ್ಚಿದೆ, ಎರಡ ತಾಸು ಹಿಡೀತು. ಈಗ ಮೂರ ಕಡೆ ಬಣ್ಣ ಹತ್ತವಲ್ದು: ಮೇನ್ ಎಂಡಿಐ ಫಾರ್ಮಿನ (ಉಳದ ಫಾರ್ಮ್ ಇದರ ಒಳಗ ತೆರಿತಾವ) ನಡುವಿನ ಬೂದಿ ಜಾಗಾ, ಡೇಟಾಗ್ರಿಡ್, ಮತ್ತ ಬಟನ್.

ಕುಂದಾನಗರಿ (ಬೆಳಗಾವಿ)

ಆ ಬೂದಿ ಜಾಗಾ ಫಾರ್ಮ್ ಅಲ್ರಿ, ಎಂಡಿಐಕ್ಲೈಂಟ್ ಅಂತ ಬ್ಯಾರೆ ಕಂಟ್ರೋಲ್ ಅದ. ಮೇನ್ ಫಾರ್ಮಿನ ಕಂಟ್ರೋಲ್ಸ್ ಒಳಗ ಹುಡುಕಿ ಅದರ ಬ್ಯಾಕ್‌ಕಲರ್ ಬದಲ್ ಮಾಡ್ರಿ. ಗ್ರಿಡ್‌ನಾಗ ಖಾಲಿ ಜಾಗಾಕ್ಕ ಬ್ಯಾಕ್‌ಗ್ರೌಂಡ್‌ಕಲರ್, ಮ್ಯಾಲಿನ ಹೆಡಿಂಗಿಗೆ ಬಣ್ಣ ಬೇಕಂದ್ರ ಮೊದಲ ಎನೇಬಲ್‌ಹೆಡರ್ಸ್‌ವಿಷುವಲ್‌ಸ್ಟೈಲ್ಸ್ ಫಾಲ್ಸ್ ಮಾಡ್ರಿ, ಇಲ್ಲಾಂದ್ರ ವಿಂಡೋಸ್ ಥೀಮ್ ಬಿಡೂದಿಲ್ಲ. ಬಟನ್ನಿಗೆ ಯೂಸ್‌ವಿಷುವಲ್‌ಸ್ಟೈಲ್‌ಬ್ಯಾಕ್‌ಕಲರ್ ಫಾಲ್ಸ್, ಆದ್ರ ನನ್ನ ಕೇಳಿದ್ರ ಬಟನ್ ಹಂಗ ಇರಲಿ.

ಬೇಸ್ ಫಾರ್ಮ್ ವಿಷಯದಾಗ ಬಾಗಲಕೋಟಿ ಅಣ್ಣಾರ ಮಾತ ಒಪ್ಪಿದೆ. ಫಾರ್ಮ್ ಮುಚ್ಚಾಕ ಎಂಡಿಐಚಿಲ್ಡ್ರನ್ ಮ್ಯಾಲೆ ಲೂಪ್ ಹಚ್ಚ್ರಿ, ಅದು ಅರೇ (ಪಟ್ಟಿಯ ಬ್ಯಾರೆ ನಕಲು) ಕೊಡ್ತದ, ಫಾರ್ಮ್ ಮುಚ್ಚಿದ್ರೂ ಅದು ಬದಲಾಗೂದಿಲ್ಲ. ಓಪನ್‌ಫಾರ್ಮ್ಸ್ ಮ್ಯಾಲೆ ಲೂಪ್ ಓಡೋ ಮುಂದ ಫಾರ್ಮ್ ಮುಚ್ಚಿದ್ರ ಆ ಪಟ್ಟೀನ ಬದಲಾಗಿ ಎರರ್ ಬರ್ತದ.

ಮತ್ತ ಒಂದ. ಬರೇ ಬಣ್ಣದ ಮ್ಯಾಲೆ ಬಿಡಬ್ಯಾಡ್ರಿ, ಕೆಲವರಿಗೆ ಬಣ್ಣದ ಫರಕ ಕಾಣೂದಿಲ್ಲ, ತಿಳಿ ಹಸಿರು ತಿಳಿ ಹಳದಿ ಅಂತೂ ಹಳೇ ಮಾನಿಟರ್‌ನಾಗ ಒಂದ ಅನಸ್ತಾವ. ಹಳದಿ ಬದಲಿ ತಿಳಿ ನೀಲಿ ಇಟ್ಟು, ಬೇಸ್ ಫಾರ್ಮಿನ ತಲಿ ಮ್ಯಾಲೆ ದುಕಾನದ ಹೆಸರು ದೊಡ್ಡ ಅಕ್ಷರದಾಗ ಹಾಕ್ರಿ. ಅಕ್ಷರ ಕರೀದ ಇರಲಿ.

ಗುಮ್ಮಟನಗರಿ (ವಿಜಯಪುರ)

ಆತ್ರಿ, ಎಲ್ಲಾ ಕೂಡ್ತು. ಹಸಿರು, ನೀಲಿ ಮಾಡೀನಿ, ಹೆಸರೂ ಹಾಕೀನಿ. ದಿವಾನಜಿಯವರನ್ನ ಕುಂದ್ರಿಸಿ ತೋರಿಸಿದೆ, ಹೆಸರು ಇನ್ನಷ್ಟ ದೊಡ್ಡದ ಮಾಡು ತಮ್ಮಾ ಅಂದ್ರು, ಮಾಡೀನಿ. ಮೆಸೇಜ್‌ಬಾಕ್ಸ್ ಒಂದ ಬಿಳಿ ಬರ್ತದ, ಅದಕ್ಕ ಏನರ ಮಾಡಾಕ ಬರ್ತದೇನ್ರಿ?

ಘಟಪ್ರಭಾ_ದಂಡಿ (ಬಾಗಲಕೋಟಿ)

ಅದು ವಿಂಡೋಸ್ ತೋರ್ಸೋದ್ರಿ, ಅದಕ್ಕ ಬ್ಯಾಕ್‌ಕಲರ್ ಇಲ್ಲ. ಬೇಕಾದ್ರ ಬೇಸ್ ಫಾರ್ಮಿನಿಂದನ ಒಂದ ಸಣ್ಣ ಫಾರ್ಮ್ ಮಾಡಿ ಹೌದು, ಇಲ್ಲ ಎರಡ ಬಟನ್ ಇಟ್ಟು ಶೋಡೈಲಾಗ್ ಮಾಡ್ರಿ. ಡಿಲೀಟ್ ಮತ್ತ ರೊಕ್ಕ ಕೊಡೋ ಕಡೆ ಅಷ್ಟ ಹಾಕಿದ್ರ ಸಾಕು.