ಅಪ್‌ಡೇಟ್: ನೆರೆ ಪರಿಹಾರದ ಮನೆ, ನಿಂತಿದ್ದ ಕಂತು ಬಂತು

ಮನೆ ಪರಿಹಾರದ ಕಂತು ನಿಂತಿದೆ, ಏನು ಮಾಡೋದು ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ರಾಮದುರ್ಗದ ಕಡೆ, 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆ ನೀರಿಗೆ ಬಿದ್ದ ನಮ್ಮ ಮನೆಗೆ 5 ಲಕ್ಷ ಮಂಜೂರಾಗಿತ್ತು. ತಳಪಾಯ ಮುಗಿಸಿ ಕೂತಿದ್ದೆವು, ಮುಂದಿನ ಕಂತಿಲ್ಲ, ಆದರೆ ತಿಂಗಳೊಳಗೆ ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ಅಡ್ಡ ತೊಲೆ) ಮಟ್ಟಕ್ಕೆ ತರಬೇಕು ಅಂತ ನೋಟಿಸ್ ಮಾತ್ರ ಬಂದಿತ್ತು.

ಗಡುವು ವಿಸ್ತರಿಸಿ ಅಂತ ಅರ್ಜಿ ಕೊಡಿ ಎಂದಿದ್ದರು ಒಬ್ಬರು. ಕೊಟ್ಟೆ, ಸ್ವೀಕೃತಿ ಸೀಲು ಬಿತ್ತು, ಅಷ್ಟೇ.

ಕೆಲಸಕ್ಕೆ ಬಂದಿದ್ದು ಇಲ್ಲಿ ಉತ್ತರ ಕೊಟ್ಟ ಬಾಗಲಕೋಟೆಯ ಅಕ್ಕ ಹೇಳಿದ್ದು: ಮೊದಲು ಕೆಲಸ ಎಲ್ಲಿಗೆ ಬಂದಿದೆ ಅಂತ ತೋರಿಸೋ ಜಿಪಿಎಸ್ ಫೋಟೋ (ಜಾಗದ ಗುರುತು ಇರೋ ಫೋಟೋ) ಆನ್‌ಲೈನ್‌ಗೆ ಏರಿದೆಯಾ ನೋಡಿ, ಆಮೇಲೆ ಅವ್ವನ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ವಿಚಾರಿಸಿ. ಫೋಟೋ ಏರಿತ್ತು. ಹಣ ಮಾತ್ರ ಅವ್ವ ಹಿಂದೆ ಸಂಘದ ಸಾಲಕ್ಕೆ ಅಂತ ತೆರೆದು ಮರೆತಿದ್ದ ಇನ್ನೊಂದು ಬ್ಯಾಂಕಿನ ಖಾತೆಗೆ ಹೋಗಿ ಕೂತಿತ್ತು! ನಾವು ಪಾಸ್‌ಬುಕ್ ಕೊಟ್ಟ ಖಾತೆಗೇ ಬರುತ್ತೆ ಅಂದುಕೊಂಡಿದ್ದೆ, ಆದರೆ ಆಧಾರ್ ಮೂಲಕ ಬರೋ ಹಣ ಆಧಾರನ್ನು ಕೊನೆಯದಾಗಿ ಯಾವ ಖಾತೆಗೆ ಜೋಡಿಸಿರುತ್ತೇವೋ ಅಲ್ಲಿಗೇ ಹೋಗುತ್ತೆ.

ಮರುದಿನವೇ ಗೌಂಡಿ ಬಂದ. ಗಡುವಿಗೆ ನಾಲ್ಕು ದಿನ ಇರುವಾಗ ಲಿಂಟಲ್ ಕಾಂಕ್ರೀಟ್ ಹಾಕಿದೆವು, ಪಂಚಾಯ್ತಿಯವರು ಬಂದು ಫೋಟೋ ತೆಗೆದರು. ಅವಸರ ಅಂತ ಸೆಂಟ್ರಿಂಗ್ (ಕಾಂಕ್ರೀಟ್‌ಗೆ ಆಸರೆ ಕೊಟ್ಟ ಹಲಗೆ-ಕಂಬ) ಬೇಗ ಬಿಚ್ಚೋಕೆ ನಾನು ಒಪ್ಪಲಿಲ್ಲ. ಅವ್ವ ಮೂರು ಹೊತ್ತೂ ಗೋಣಿಚೀಲ ನೆನೆಸಿ ಹೊದಿಸುತ್ತಿದ್ದಾಳೆ, ಬೆರಳಿನಿಂದ ಮುಟ್ಟಿ ಒಣಗಿದೆಯಾ ಅಂತ ನೋಡುತ್ತಾಳೆ. ಅಕ್ಕಾ, ನಿಮಗೆ ತುಂಬಾ ಥ್ಯಾಂಕ್ಸ್.