ಅಪ್‌ಡೇಟ್: ಆರ್‌ಎಕ್ಸ್ 100 ಇಂಜಿನ್‌ನ ದೋಷ ಕಾರ್ಬ್ಯುರೇಟರ್‌ನಲ್ಲಿ ಇರಲಿಲ್ಲ

ಆಕ್ಸಿಲರೇಟರ್ ಬಿಟ್ಟ ಮೇಲೂ ನನ್ನ ಯಮಹಾ ಆರ್‌ಎಕ್ಸ್ 100 ಬೈಕಿನ ವೇಗ ಇಳಿಯುವುದಿಲ್ಲ, ಸ್ಪಾರ್ಕ್ ಪ್ಲಗ್ ಬೆಳ್ಳಗೆ ಸುಟ್ಟಂತಿರುತ್ತದೆ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನು ಮೂರು ಸಲ ತೊಳೆದರೂ ಫಲವಿಲ್ಲ ಎಂದು ಇಲ್ಲಿ ಕೇಳಿದ್ದೆ. ಇಂಜಿನ್ನಿಗೆ ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿರಿ ಎಂದು ಸಲಹೆ ನೀಡಿದವರಿಗೆ ಹೃತ್ಪೂರ್ವಕ ವಂದನೆಗಳು.

ಇಂಜಿನ್ನಿನ ಇನ್‌ಟೇಕ್ (ಮಿಶ್ರಣ ಒಳಬರುವ) ಮತ್ತು ಸೈಲೆನ್ಸರ್ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದಾಗ, ಮ್ಯಾಗ್ನೆಟೋ (ಕಿಡಿಗೆ ವಿದ್ಯುತ್ ಕೊಡುವ ಭಾಗ) ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲಿನ, ಅಂದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಸೋರಿಕೆ ತಡೆಯುವ ರಬ್ಬರ್ ಬಳೆಯ, ಸುತ್ತ ಗುಳ್ಳೆಗಳು ಎದ್ದವು. ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ಶಾಫ್ಟ್ ಇರುವ ಕೋಶದ) ಮೂಲಕವೇ ಸಿಲಿಂಡರಿಗೆ ಹೋಗುವುದರಿಂದ, ಒಣಗಿ ಗಟ್ಟಿಯಾದ ಸೀಲಿನ ಅಂಚಿನಿಂದ ನುಸುಳಿದ ಗಾಳಿಯು ಮಿಶ್ರಣವನ್ನು ತೆಳುವಾಗಿಸುತ್ತಿತ್ತು (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ); ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ರಂಧ್ರದ ಭಾಗ) ಬದಲಿಸುತ್ತ ಕುಳಿತಿದ್ದರೆ ಪಿಸ್ಟನ್ ಸೀಜ್ ಆಗಿ ಸಿಕ್ಕಿಬೀಳುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಆಗಲೇ ತೆಳ್ಳನೆಯ ಗೀರುಗಳಿದ್ದವು. 50 ಮಿ.ಮೀ. ಬೋರನ್ನು (ಸಿಲಿಂಡರಿನ ಒಳವ್ಯಾಸ) ಅಳೆಸಿದಾಗ ಸವೆತ ಮಿತಿಯೊಳಗೇ ಇದ್ದುದರಿಂದ ರೀಬೋರ್ (ಕೊರೆದು ದೊಡ್ಡದು ಮಾಡುವುದು) ಬೇಕಾಗಲಿಲ್ಲ, ಹೋನಿಂಗ್ (ಒಳಗೋಡೆಯನ್ನು ನವಿರಾಗಿ ಉಜ್ಜುವುದು) ಮತ್ತು ಹೊಸ ಪಿಸ್ಟನ್ ರಿಂಗ್‌ಗಳು ಸಾಕಾದವು. ಹಳೆಯ ಬೋರನ್ನು ವೃಥಾ ಕೊರೆಯದೆ ಉಳಿಸಿಕೊಂಡದ್ದು ನನಗೆ ಅತ್ಯಂತ ಸಂತೋಷದ ಸಂಗತಿ.

ಮ್ಯಾಗ್ನೆಟೋವನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರ್‌ನಿಂದಲೇ (ಎಳೆದು ತೆಗೆಯುವ ಉಪಕರಣ) ತೆಗೆದೆ. ಹೊಸ ಸೀಲಿನ ಅಂಚಿಗೆ 2ಟಿ (ಟೂ-ಸ್ಟ್ರೋಕ್) ಆಯಿಲ್ ಸವರಿ ಕೂರಿಸಿದೆ. ಕ್ರ್ಯಾಂಕಿನ ಬಲಬದಿಯ ಸೀಲನ್ನೂ ಬದಲಿಸಿದೆ, ಏಕೆಂದರೆ ಅದು ಹಾಳಾದರೆ ಇಂಜಿನ್ ಗೇರ್ ಆಯಿಲನ್ನು ಒಳಗೆಳೆದುಕೊಂಡು ಬಿಳಿ ಹೊಗೆ ಬರುತ್ತದೆ. ಆಯಿಲ್ ಪಂಪಿನ ಗಾಳಿಯನ್ನೂ ಹೊರತೆಗೆದೆ. ಈಗ ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಸ್ಥಿರವಾಗಿದ್ದು, ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ, ಅಂದರೆ ಮಿಶ್ರಣ ಸರಿಯಾಗಿದೆ.